ಅಳಿಸಬೇಡಿ ಅಂದವಳು ನಾನೇ

ಆ ಗೋಡೆಯ ಚಿತ್ರ ಬರೆದದ್ದು ನಾನು. ಈಗ ಯಾರಾದರೂ ಕೇಳಿದರೆ ಹೌದು ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಆಗ ಮಾತ್ರ ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತಿದ್ದೆ.

ತಾಳಗುಂದದಿಂದ ಸ್ವಲ್ಪ ಆಚೆಗಿರುವ ಒಂದು ಊರು. ಹೆಸರು ಬೇಡ. ಅಲ್ಲಿ ಹೊಸದಾಗಿ ಸಮುದಾಯ ಭವನ ಕಟ್ಟಿದ್ದರು. ಊರಿನ ನಾಲ್ಕು ಜನ ಹಿರಿಯರು ನಮ್ಮ ಶಾಲೆಗೆ ಬಂದು, "ಅಕ್ಕೋರೇ, ಭವನದ ಎದುರುಗೋಡಿ ಖಾಲಿ ಐತ್ರಿ. ನಮ್ಮೂರಿನ ಪ್ರಕೃತಿ ಸೌಂದರ್ಯ ಕಾಣೋ ಹಂಗ ಒಂದು ಚಿತ್ರ ಬರ್ದು ಕೊಡ್ರಿ" ಅಂದರು. ನಾನು ಹೈಸ್ಕೂಲಿನ ಡ್ರಾಯಿಂಗ್ ಟೀಚರು. ಈ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಅನ್ನುತ್ತಾರೆ. ಅದರಲ್ಲೂ ಡ್ರಾಯಿಂಗ್ ಅಕ್ಕೋರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಸ್ವಾತಂತ್ರ್ಯ ದಿನಕ್ಕೆ ಬೋರ್ಡು ಬರೆಯಬೇಕು, ರಂಗೋಲಿ ಸ್ಪರ್ಧೆಗೆ ತೀರ್ಪು ಕೊಡಬೇಕು, ಅಷ್ಟೇ ನಮ್ಮ ಮರ್ಯಾದೆ. ಹಾಗಾಗಿ ಅವರು ಕೇಳಿದ್ದೇ ತಡ, ಒಪ್ಪಿಕೊಂಡೆ. ನನಗೆ ನಲವತ್ತು ದಾಟಿದ ಮೇಲೆ ಸಿಕ್ಕಿದ ಮೊದಲ ದೊಡ್ಡ ಗೋಡೆ ಅದು.

ಏನು ಬರೆಯಬೇಕೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಊರಿನ ಮಗ್ಗುಲಿಗೆ ಗೋಮಾಳವಿತ್ತು. ಸುತ್ತಮುತ್ತ ಮೆಕ್ಕೆಜೋಳದ ಹೊಲಗಳು ದಾರಿಯಂಚಿನವರೆಗೂ ಬಂದು ನಿಂತಿದ್ದರೂ ಆ ದಿಬ್ಬದ ಮೇಲೆ ಮಾತ್ರ ಹುಲ್ಲು, ಕಾರೆಮುಳ್ಳು, ಅಲ್ಲೊಂದು ಇಲ್ಲೊಂದು ಮುತ್ತುಗ, ಇಳಿಜಾರಿನ ಕೆಳಗೆ ಒಂದೇ ಒಂದು ಅತ್ತಿಮರ. ಸಂಜೆ ಐದರ ಬಿಸಿಲಿಗೆ ಹುಲ್ಲೆಲ್ಲ ಹೊಂಬಣ್ಣ. ಎರಡು ಭಾನುವಾರ ಸ್ಟೂಲು, ಬಣ್ಣದ ಡಬ್ಬಿ, ಕೊಡೆ ಹೊತ್ತುಕೊಂಡು ಹೋಗಿ ಕೂತು ಕರಡು ಮಾಡಿಕೊಂಡೆ.

ಅಲ್ಲಿ ಒಬ್ಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ಅರವತ್ತರ ಮೇಲಿನ ವಯಸ್ಸು, ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ. ಊರವರೆಲ್ಲ ಅವ್ವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳ ಮಗ, ಸೊಸೆ, ಅವಳು, ಮೂವರೂ ಕುರಿಯ ಹಿಂದೆಯೇ ಬದುಕಿದವರು. ಸುಗ್ಗಿ ಮುಗಿದ ಮೇಲೆ ಊರೂರಿನ ಹೊಲಗಳಲ್ಲಿ ಮಂದೆ ನಿಲ್ಲಿಸಿ, ಬಿರುಬೇಸಿಗೆಗೆ ಮಾತ್ರ ತಪ್ಪದೆ ಈ ಗೋಮಾಳಕ್ಕೆ ವಾಪಸು ಬರುವುದು ಅವರ ವಾಡಿಕೆ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಮಾಡಿದ್ದು ಇದನ್ನೇ. ಮುಳ್ಳುಬೇಲಿಯ ಕುರಿದೊಡ್ಡಿ ಇತ್ತು. ಪಕ್ಕದಲ್ಲಿ ಕುಂಕುಮ ಹಚ್ಚಿದ ನಾಲ್ಕು ಕಲ್ಲು. ಅದಕ್ಕಿಂತ ಆಚೆ ಇನ್ನೊಂದು ಚಿಕ್ಕ ಕಲ್ಲು. ಅದಕ್ಕೆ ಕುಂಕುಮ ಇರಲಿಲ್ಲ.

ನನಗೆ ಇವೆಲ್ಲ ಕಣ್ಣಿಗೆ ಅಡ್ಡ ಬಂದವು. ಕಾಲೇಜಿನಲ್ಲಿ ದೃಶ್ಯಚಿತ್ರ ಕಲಿಸುವಾಗ ನಮ್ಮ ಮೇಷ್ಟ್ರು, ಮುಂಭಾಗ ಚೊಕ್ಕಟವಾಗಿರಬೇಕು, ನೋಡುವ ಕಣ್ಣು ಎಲ್ಲೂ ಎಡವದೆ ದಿಗಂತಕ್ಕೆ ಹೋಗಬೇಕು ಅನ್ನುತ್ತಿದ್ದರು. "ಅವ್ವಾ, ಕುರಿ ಸ್ವಲ್ಪ ಆ ಕಡೆ ಹೊಡೀರಿ, ಅಡ್ಡ ಬರ್ತವೆ" ಅಂದೆ. ಅವಳು ಇಡೀ ಮಂದೆಯನ್ನು ದಿಬ್ಬದ ಹಿಂದಕ್ಕೆ ಹೊಡೆದುಕೊಂಡು ಹೋಗಿ, ನಾನು ಮುಗಿಸುವ ತನಕ ಬಿಸಿಲಿನಲ್ಲಿ ನಿಂತಳು. ಎರಡು ಭಾನುವಾರವೂ.

ಒಂದು ವಿಷಯ ಮಾತ್ರ ಅವತ್ತೇ ಗಮನಕ್ಕೆ ಬಂದಿತ್ತು. ಬಸ್ಸು ನಿಲ್ಲುವ ಜಾಗಕ್ಕೆ ಒಳದಾರಿ ಯಾವುದು ಎಂದು ಕೇಳಿದ್ದೆ. ಅವ್ವ ಕೋಲಿನ ತುದಿಯಿಂದ ಮಣ್ಣಿನ ಮೇಲೆ ಗೆರೆ ಎಳೆದಳು. ಇದು ಬದು, ಇದು ಹಳ್ಳ, ಇಲ್ಲಿ ನಾಯಿ ಬಿಟ್ಟಿರ್ತಾರೆ, ಇಲ್ಲಿ ತಿರುಗಿರಿ. ನಾನು ಹೂಂ ಅಂದ ಕೂಡಲೇ ಬರಿಗಾಲಿನಿಂದ ಅದನ್ನೆಲ್ಲ ಉಜ್ಜಿ ಅಳಿಸಿಬಿಟ್ಟಳು.

"ಯಾಕವ್ವಾ ಅಳಿಸಿದ್ರಿ?"

"ನೀವು ನೋಡಿದ್ರಲ್ಲ, ಆತು. ಬರ್ದಿದ್ದು ಹಂಗ ಬಿಟ್ಟು ಹೋಗಬಾರ್ದ್ರೀ. ಹಿಂದ್ ಬಂದೋರು ಓದ್ಕಂತಾರ."

ಕುರಿ ಕಾಯುವವರೆಲ್ಲ ಹೀಗೇ ಮಾಡುವುದಂತೆ. ಮೇವು ಎಲ್ಲಿದೆ, ನೀರು ಎಲ್ಲಿದೆ ಎನ್ನುವುದನ್ನು ಬೇಕಾದವರಿಗೆ ಬರೆದು ತೋರಿಸಿ, ಎದ್ದು ಹೋಗುವ ಮೊದಲು ಅಳಿಸುವುದು. ನನಗೆ ನಗು ಬಂತು. ಎಂಥ ಮಹಾ ಗುಟ್ಟು ಅಂದುಕೊಂಡೆ.

ಗೋಡೆ ಚೆನ್ನಾಗಿಯೇ ಬಂತು, ಸುಳ್ಳು ಹೇಳುವುದಿಲ್ಲ. ಹೊಂಬಣ್ಣದ ಹುಲ್ಲು, ದೂರದಲ್ಲಿ ನೀಲಿ ಗುಡ್ಡ, ಒಂಟಿ ಅತ್ತಿಮರ, ಮೇಲೆ ತುಂಬಾ ಆಕಾಶ. ದೊಡ್ಡಿ ಇಲ್ಲ, ಕಲ್ಲು ಇಲ್ಲ, ಒಂದು ಕುರಿಮರಿಯೂ ಇಲ್ಲ. ಮದುವೆಗೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಶುರುಮಾಡಿದರು. "ಇದು ನಮ್ಮೂರಾ ಅಂತ ನಮಗಽ ಅನುಮಾನ ಬರ್ತತಿ ನೋಡ್ರಿ" ಎಂದು ಒಬ್ಬರು ಹೊಗಳಿದ್ದನ್ನು ನಾನು ವಾರಗಟ್ಟಲೆ ಮೆಲುಕು ಹಾಕಿದೆ.

ಮರುವರ್ಷ ಒಂದು ಕಂಪನಿಯವರು ಸೋಲಾರ್ ಹಾಕಲು ಜಾಗ ಹುಡುಕುತ್ತ ಬಂದರು. ಗೋಮಾಳ ಕೊಡುವ ಮಾತು ನಡೆಯಿತು. ಅದಕ್ಕೊಂದು ಸಭೆ ಕರೆದರು, ಅದೇ ಭವನದಲ್ಲಿ. ನಾನೂ ಹೋಗಿದ್ದೆ, ನನ್ನ ಗೋಡೆ ನೋಡಿದ ಹಾಗೂ ಆಗುತ್ತದೆ ಎಂದು. ಕಂಪನಿಯ ಪರವಾಗಿ ಬಂದವರೊಬ್ಬರು ಪರದೆಯ ಮೇಲೆ ವರದಿ ತೋರಿಸಿದರು. ಮೊದಲ ಪುಟದಲ್ಲಿ ನನ್ನ ಚಿತ್ರದ ಫೋಟೋ. ಅವರು ಪರದೆಗೊಮ್ಮೆ, ಹಿಂದಿನ ಗೋಡೆಗೊಮ್ಮೆ ಕೈ ಮಾಡಿ, "ಇದು ನಾವು ಹೇಳ್ತಿರೋದಲ್ಲ, ನಿಮ್ಮ ಊರಿನವರೇ ಬರೆಸಿರೋದು. ಬಯಲು ಭೂಮಿ. ಮನೆ ಇಲ್ಲ, ಬೆಳೆ ಇಲ್ಲ, ಯಾರ ಸ್ವಾಧೀನ, ಅನುಭವದಲ್ಲೂ ಇಲ್ಲ" ಅಂದರು. ಮುಂದಿನ ಸಾಲಿನವರು ತಲೆಯಾಡಿಸಿದರು. ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ನೌಕರಿಯವಳು ನಾನು, ನನಗ್ಯಾಕೆ ಎಂದು ಕೂತುಬಿಟ್ಟೆ.

ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಅವ್ವ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ನೀವು ಕುರಿ ಆ ಕಡಿ ಹೊಡಿ ಅಂದ್ರಲ್ರೀ ಅಕ್ಕೋರೇ. ಹೊಡ್ಕಂಡ್ ಹೋಗಿ ನಿಂತಿದ್ದೆ. ಮರ ಗುಡ್ಡ ಎಲ್ಲಾ ಬರ್ದ್ ಮ್ಯಾಲೆ, ಈಗ ಬರ್ರಿ ಅಂತ ಕರೀತೀರಿ ಅನ್ಕಂಡಿದ್ದೆ."

ಆ ರಾತ್ರಿ ಊಟ ಸೇರಲಿಲ್ಲ. ಅವತ್ತು ನೆನಪಾದದ್ದು ಎಷ್ಟೋ ವರ್ಷದ ಹಿಂದೆ ಚಿತ್ರಕಲಾ ಶಿಕ್ಷಕರ ತರಬೇತಿಯಲ್ಲಿ ಕೇಳಿದ ಒಂದು ಪಾಠ. ಹೊರಗಿನಿಂದ ಬಂದ ಉಪನ್ಯಾಸಕರೊಬ್ಬರು ಆಸ್ಟ್ರೇಲಿಯಾದ ಚಿತ್ರಗಳನ್ನು ತೋರಿಸಿದ್ದರು. ಮೊದಲು ಬಿಳಿಯರು ಬರೆದವು. ವಿಶಾಲವಾದ ಹುಲ್ಲುಗಾವಲು, ಹೊಂಬಿಸಿಲು, ಎತ್ತರದ ಮರಗಳು. ಆ ಮರ ನೋಡಿ ಹಿಂದಿನ ಸಾಲಿನಲ್ಲಿ ಯಾರೋ, "ಅಯ್ಯೋ, ಇದು ನಮ್ಮ ಶಿರಾಳಕೊಪ್ಪ ರಸ್ತೆಯ ನೀಲಗಿರಿ ತೋಪು ಕಣ್ರೀ" ಅಂದು ನಗಿಸಿದ್ದರು. ನಿಜವೇ, ನೀಲಗಿರಿ ಅಲ್ಲಿಂದಲೇ ಬಂದದ್ದಂತೆ. ಸಮುದ್ರ ದಾಟಿ ಬಂದ ಜನ ಆ ಬೆಳಕು, ಆ ಬಯಲು, ಆ ಮರಗಳನ್ನು ಬರೆದೂ ಬರೆದೂ ಇದೇ ನಮ್ಮ ದೇಶ, ನಾವೆಂದರೆ ಇದೇ ಎಂದು ನಂಬಿದರು ಅಂದರು ಉಪನ್ಯಾಸಕರು. ಆದರೆ ಆ ಚಿತ್ರಗಳಲ್ಲಿ ಸಾವಿರಾರು ವರ್ಷದಿಂದ ಅಲ್ಲೇ ಇದ್ದ ಮೂಲನಿವಾಸಿಗಳು ಇರುತ್ತಿರಲಿಲ್ಲ, ಇದ್ದರೂ ಮೂಲೆಯಲ್ಲಿ ಒಂದು ಕಡ್ಡಿಯಷ್ಟು. ನೆಲವನ್ನು ಖಾಲಿ ಎಂದು ಕಿತ್ತುಕೊಂಡವರಿಗೆ ಚಿತ್ರವೂ ಖಾಲಿ ಇದ್ದರೆ ಅನುಕೂಲ.

ಆಮೇಲೆ ಆ ಮೂಲನಿವಾಸಿಗಳು ಬರೆದವನ್ನು ತೋರಿಸಿದರು. ದಿಗಂತವೇ ಇಲ್ಲ. ಕೆಂಪು ನೆಲದ ಮೇಲೆ ಸುತ್ತುಗಳು, ಗೆರೆಗಳು, ಲೆಕ್ಕವಿಲ್ಲದಷ್ಟು ಚುಕ್ಕಿ. ಈ ಸುತ್ತು ನೀರಿನ ಗುಂಡಿ, ಈ ಗೆರೆ ಪೂರ್ವಜರು ನಡೆದ ದಾರಿ. ಅವರಿಗೆ ಚಿತ್ರ ಎಂದರೆ ನೋಟವಲ್ಲ. ನಾನು ಈ ನೆಲಕ್ಕೆ ಸೇರಿದವಳು, ಇದನ್ನು ನೋಡಿಕೊಳ್ಳುವ ಹೊಣೆ ನನ್ನದು ಎನ್ನುವ ಮಾತು. ಅಲ್ಲಿಯ ಕೆಲವರು ದೊಡ್ಡ ಬಟ್ಟೆಯ ಮೇಲೆ ತಮ್ಮ ನೆಲವನ್ನೇ ಬರೆದು, ಇದೇ ನಮ್ಮ ದಾಖಲೆ ಎಂದು ಅಧಿಕಾರಿಗಳ ಮುಂದೆ ಹಾಸಿದ್ದೂ ಉಂಟು ಅಂದರು. ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನನ್ನ ತಪ್ಪಿಗೆ ಪರಿಹಾರ ಸಿಕ್ಕಿತು ಎಂದುಕೊಂಡೆ. ನನ್ನ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ಜಾಸ್ತಿಯೇ ಭರವಸೆ.

ಬೆಳಿಗ್ಗೆ ಎದ್ದವಳೇ ಬೀರುವಿನ ಮೇಲಿದ್ದ ಅಮ್ಮನ ಬುಟ್ಟಿ ಇಳಿಸಿದೆ. ನನ್ನ ತವರು ಸೊರಬದ ಕಡೆ, ಕುಬಟೂರಿನ ಹತ್ತಿರ. ಅಲ್ಲಿ ಭೂಮಿ ಹುಣ್ಣಿಮೆಗೆ ಬಸುರಿ ಪೈರಿಗೆ ಬಯಕೆಯ ಊಟ ಒಯ್ಯುತ್ತಾರೆ. ಅದನ್ನು ಒಯ್ಯುವ ಬಿದಿರು ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಅಮ್ಮನ ಕೈಯಲ್ಲಿ ಅದು ಬರೀ ಚಿತ್ತಾರ ಆಗಿರಲಿಲ್ಲ. ಇದು ಕೆರೆ ಕೆಳಗಿನ ಗದ್ದೆ, ಇದು ಕಾಲುವೆ, ಇಲ್ಲಿ ಹೋದ ಸಲ ಒಡ್ಡು ಒಡೆದಿತ್ತು ಎಂದು ಪ್ರತಿ ವರ್ಷವೂ ಗೆರೆ ಬದಲಾಗುತ್ತಿತ್ತು. ಕಾಲೇಜಿನಿಂದ ರಜಕ್ಕೆ ಬಂದಾಗ ನಾನು ಜಂಬದಿಂದ, "ಅಮ್ಮಾ, ಇದರಲ್ಲಿ ಪರ್ಸ್ಪೆಕ್ಟಿವ್ವೇ ಇಲ್ಲ" ಅಂದಿದ್ದೆ. "ಅದೆಂತದೇ ಮಾರಾಯ್ತಿ? ಸೊರಬದ ಸಂತೇಲಿ ಸಿಕ್ತದಾ?" ಅಂದಿದ್ದಳು. ಅಮ್ಮ ಹೋಗಿ ಕೆಲವು ವರ್ಷವಾಗಿತ್ತು. ಕೊನೆಯ ಬುಟ್ಟಿಯ ಬಿಳಿ ಅಲ್ಲಲ್ಲಿ ಉದುರಿತ್ತು. ಅದನ್ನು ನೋಡುತ್ತ ನೋಡುತ್ತ ಅಳು ಬಂತು, ಆಮೇಲೆ ಹುಮ್ಮಸ್ಸೂ ಬಂತು.

ಮಂಜರಪಾಟಿನ ಒರಟು ಹತ್ತಿಬಟ್ಟೆ ಕೊಂಡೆ. ಅದಕ್ಕೆ ಅಮ್ಮನ ಹಾಗೆಯೇ ಕೆಮ್ಮಣ್ಣು ಬಳಿದು ಒಣಗಿಸಿದೆ. ಅಕ್ಕಿ ನೆನೆಸಿ ಅರೆದೆ. ರಜೆ ಹಾಕಿ ಗೋಮಾಳಕ್ಕೆ ಹೋಗಿ ಅವ್ವನ ಮುಂದೆ ಕೂತೆ. "ಅವ್ವಾ, ನಿಮ್ಮ ನೆಲ ನೀವು ಹೇಳ್ರಿ, ನಾನು ಬರೀತೀನಿ. ಕಚೇರಿಯಲ್ಲಿ ತೋರಿಸೋಣ. ಖಾಲಿ ಅಲ್ಲ ಅಂತ ಅವರಿಗೆ ಕಾಣಲಿ" ಅಂದೆ. ಅವಳ ಮಗನಿಗೆ ಇಷ್ಟವಿರಲಿಲ್ಲ. "ಅಕ್ಕೋರೇ, ಒಂದ್ ಸಲ ಬರ್ದಿದ್ದಕ್ಕ ಇಷ್ಟ್ ಆಗೈತಿ" ಅಂದು ದೊಡ್ಡಿಯ ಕಡೆ ಎದ್ದು ಹೋದ. ಅವ್ವ ಮಾತ್ರ ಬಹಳ ಹೊತ್ತು ಬಟ್ಟೆಯನ್ನೇ ಸವರುತ್ತಿದ್ದು, ಕೋಲು ತಗೊಂಡು ಮಣ್ಣಿನ ಮೇಲೆ ಶುರುಮಾಡಿದಳು. ಅವಳು ಗೆರೆ ಎಳೆದಂತೆ ನಾನು ಬಟ್ಟೆಗೆ ಇಳಿಸುತ್ತ ಹೋದೆ.

ನಾನು ಅಂಥ ಚಿತ್ರ ಅದುವರೆಗೆ ನೋಡಿರಲಿಲ್ಲ. ಖಾಲಿ ಎಂದು ನಾನು ಬರೆದ ಜಾಗದಲ್ಲಿ ಅಡಿಗೊಂದು ಹೆಸರಿತ್ತು. ಮರಿ ಹಾಕಿಸುವ ತಗ್ಗು. ಸಿಡಿಲಿಗೆ ಕುರಿ ಸತ್ತ ಬಂಡೆ. ಅತ್ತೆ ಕೂತು ಎಲೆಅಡಿಕೆ ಹಾಕುತ್ತಿದ್ದ ಮುತ್ತುಗ. ಹಾವು ಇರುವ ಹುತ್ತ, ಅದನ್ನು ಸುತ್ತಿ ಹೋಗುವ ಕುರಿದಾರಿ. ಒಂದೊಂದು ಮುಗಿದಾಗಲೂ ಅವಳ ಕಾಲು ತಾನಾಗಿ ಅಳಿಸಲು ಏಳುತ್ತಿತ್ತು. ನಾನು ಪಾದ ಹಿಡಿದುಕೊಂಡಂತೆ ಕೈ ಅಡ್ಡ ಇಟ್ಟು, "ಅಳಿಸಬೇಡಿ ಅವ್ವಾ, ಅಳಿಸಬೇಡಿ" ಅನ್ನುತ್ತಿದ್ದೆ. ಅವಳು ನಕ್ಕಳು. ಆಮೇಲಾಮೇಲೆ ಕಾಲು ಎತ್ತುವುದನ್ನೇ ಬಿಟ್ಟಳು.

ಕುಂಕುಮವಿಲ್ಲದ ಆ ಚಿಕ್ಕ ಕಲ್ಲಿನ ಜಾಗ ಬಂದಾಗ ಬಟ್ಟೆಯ ಮೇಲೆ ಅಂಗೈ ಊರಿ, "ಇಲ್ಲಿ ಏನೂ ಬ್ಯಾಡ್ರಿ" ಅಂದಳು. ಅವಳ ಮೊದಲ ಕೂಸು, ಮೂರು ತಿಂಗಳದ್ದು, ಅಲ್ಲೇ ಮಣ್ಣಾದದ್ದು. ಆ ಮೂಲೆಯನ್ನು ಹಾಗೆಯೇ ಕೆಂಪಾಗಿ ಬಿಟ್ಟೆ.

ಅತ್ತಿಮರದ ಹತ್ತಿರ ಬಂದಾಗಲೂ ಅವಳು ತಡೆದಳು. ಮರದಿಂದ ಇಷ್ಟು ಹೆಜ್ಜೆ ಕೆಳಗೆ, ಚಪ್ಪಡಿ ಮುಚ್ಚಿ ಮೇಲೆ ಮುಳ್ಳು ಎಳೆದ ಒಂದು ಒರತೆ. ಶಿವರಾತ್ರಿ ಕಳೆದ ಮೇಲೆ ಚಪ್ಪಡಿ ಸರಿಸುವುದು, ಮೊದಲ ಮಳೆ ಬಿದ್ದ ದಿನ ಮುಚ್ಚುವುದು. ಸುತ್ತಲ ಬೋರ್‌ವೆಲ್ಲುಗಳು ಒಣಗಿದಾಗಲೂ ಅದು ಒಣಗಿದ್ದಿಲ್ಲ. ಊರವರಿಗೂ ಅದರ ಜಾಡು ಇರಲಿಲ್ಲ. "ಇದು ಬರೀಲಾಕ್ ಬ್ಯಾಡ್ರಿ ಅಕ್ಕೋರೇ. ಇದ್ ಒಂದು ಇರೋದಕ್ಕ ನಾವ್ ಇಲ್ಲಿ ಬರೋದು" ಅಂದಳು.

ನಾನು ಬಿಡಲಿಲ್ಲ. ಪಾಠ ಹೇಳುವ ಧ್ವನಿಯಲ್ಲೇ ಹೇಳಿದೆ: "ಅದಕ್ಕೇ ಬರೀಬೇಕು. ನೀರನ್ನ ಇಷ್ಟು ಕಾಲ ಕಾಪಾಡಿದ್ದೀರಿ ಅಂದ್ರೆ ನಿಮ್ಮ ಹಕ್ಕು ಗಟ್ಟಿ ಆಗುತ್ತೆ." ಅವಳು ನನ್ನ ಮುಖ ನೋಡಿದಳು. ಓದಿದವಳು, ಅಕ್ಕೋರು, ತಿಳಿದೇ ಹೇಳುತ್ತಾಳೆ ಎನ್ನುವ ನೋಟ. "ಹಂಗಾದ್ರ ಬರೀರಿ" ಅಂದಳು. ಅತ್ತಿಮರ ಬರೆದು, ಅದರ ಕೆಳಗೆ ಒಂದರೊಳಗೊಂದು ಮೂರು ಬಿಳಿ ಸುತ್ತು ಹಾಕಿದೆ. ಇಡೀ ಬಟ್ಟೆಯಲ್ಲಿ ಕಣ್ಣು ಮೊದಲು ಹೋಗಿ ನಿಲ್ಲುವುದೇ ಅಲ್ಲಿಗೆ. ಚಿತ್ರದ ಸಮತೋಲ ಚೆನ್ನಾಗಿ ಕೂತಿತು ಎಂದು ಖುಷಿಪಟ್ಟೆ.

ಊರವರ ತಕರಾರು ಕೇಳುವ ದಿನ ನಾನೂ ಅವ್ವನೂ ತಾಲ್ಲೂಕು ಕಚೇರಿಗೆ ಹೋಗಿ ಬಟ್ಟೆ ಹಾಸಿದೆವು. ಅಧಿಕಾರಿ ಕೆಟ್ಟವರೇನಲ್ಲ. ಕುರ್ಚಿಯಿಂದ ಎದ್ದು ಬಂದು ನೋಡಿದರು. "ಬಹಳ ಚೆನ್ನಾಗಿದೆ ಮೇಡಂ, ಫ್ರೇಮ್ ಹಾಕಿಸಬೇಕು" ಅಂದರು. ಸರ್ವೆ ನಂಬರ್ ಎಲ್ಲಿ, ಅಳತೆ ಎಷ್ಟಕ್ಕೆ ಎಷ್ಟು, ಇವರ ಹೆಸರು ಪಹಣಿಯ ಯಾವ ಕಲಂನಲ್ಲಿದೆ ಎಂದು ಕೇಳಿದರು. ನಮ್ಮ ಹತ್ತಿರ ಯಾವುದೂ ಇರಲಿಲ್ಲ. ನೋಡಿ ಬರೆದ ಚಿತ್ರ ದಾಖಲೆ ಆಗುವುದಿಲ್ಲ ಮೇಡಂ ಎಂದು ಸಮಾಧಾನದಿಂದಲೇ ಹೇಳಿದರು. ಭವನದ ಸಭೆಯಲ್ಲಿ ನನ್ನ ಗೋಡೆ ದಾಖಲೆ ಆಗಿತ್ತಲ್ಲ ಎಂದು ಕೇಳಬೇಕೆನಿಸಿತು. ಕೇಳದೆ ಬಟ್ಟೆಯ ಸುಕ್ಕು ಸರಿಮಾಡಿದೆ.

ಕಂಪನಿಯ ಕಡೆಯಿಂದ ಬಂದಿದ್ದ ಎಂಜಿನಿಯರು ತುಂಬಾ ಮರ್ಯಾದಸ್ಥ. ಅನುಮತಿ ಕೇಳಿಯೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. "ಮೇಡಂ, ಈ ಆರ್ಟ್ ನನಗೆ ಅರ್ಥ ಆಗಲ್ಲ. ಈ ಮೂರು ಬಿಳಿ ಸುತ್ತು ಏನು?" ಎಂದು ಕೇಳಿದ. ಕೊನೆಗೂ ಒಬ್ಬ ಆಸಕ್ತಿಯಿಂದ ಕೇಳಿದನಲ್ಲ ಎಂದು ನನಗೆ ಎಲ್ಲಿಲ್ಲದ ಉತ್ಸಾಹ. ಬಗ್ಗಿ ಬೆರಳಿಟ್ಟು ತೋರಿಸಿದೆ. "ಇದು ಅತ್ತಿಮರ. ಇಲ್ಲಿಂದ ಇಷ್ಟು ಹೆಜ್ಜೆ. ಎಂಥ ಬೇಸಿಗೆಯಲ್ಲೂ ಬತ್ತದ ನೀರು." ಅವ್ವ ನನ್ನ ಸೆರಗು ಜಗ್ಗಿದ ಹಾಗಾಯಿತು. ಫ್ಯಾನಿನ ಗಾಳಿ ಇರಬೇಕೆಂದುಕೊಂಡೆ.

ಜಾಗ ಕಂಪನಿಗೆ ಹೋಯಿತು. ಅದು ಹೋಗಿಯೇ ಹೋಗುತ್ತಿತ್ತು ಎಂದು ನನ್ನ ಗಂಡ ಈಗಲೂ ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ದಿಬ್ಬದ ಅರ್ಧಕ್ಕೆ ಮಾತ್ರ ಬೇಲಿ ಎಂದು ಮೊದಲು ಗುರುತು ಮಾಡಿದ್ದರು. ಅತ್ತಿಮರದ ಇಳಿಜಾರು ಅದರ ಹೊರಗೇ ಇತ್ತು. ಆ ಹೊರಗಿನ ಅರ್ಧ, ಆ ಒರತೆ ಇದ್ದಿದ್ದರೆ ಅವ್ವನ ಮಂದೆಗೆ ಬೇಸಿಗೆ ಕಳೆಯುತ್ತಿತ್ತು. ಕಚೇರಿಗೆ ಹೋಗಿ ಬಂದ ಮೇಲೆ ಬೇಲಿಯ ಗುರುತು ಕೆಳಕ್ಕೆ ಇಳಿಯಿತು. ಸೋಲಾರ್ ಹಲಗೆಗಳ ಧೂಳು ತೊಳೆಯಲು ನೀರು ಬೇಕಲ್ಲ. ಒಂದು ಬೆಳಿಗ್ಗೆ ಬೋರ್ ಕೊರೆಯುವ ಲಾರಿ ಬಂದು ನೆಟ್ಟಗೆ ಅತ್ತಿಮರದ ಬುಡದಲ್ಲಿ ನಿಂತಿತಂತೆ. ಎಲ್ಲೂ ಹುಡುಕಲಿಲ್ಲ, ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನೂ ಕರೆಸಲಿಲ್ಲ ಎಂದು ಊರವರು ಬೆರಗಾದರು. ನೀರು ಮೇಲೆಯೇ ಸಿಕ್ಕಿತು. ಆ ಬೇಸಿಗೆಗೆ ಬೇಲಿ ನುಸುಳಿ ಹೋಗಿ ಚಪ್ಪಡಿ ಸರಿಸಿದಾಗ ಕೆಳಗೆ ಬರೀ ಹಸಿಮಣ್ಣು, ಮರುವಾರಕ್ಕೆ ಅದೂ ಒಣಗಿತ್ತು ಎಂದು ಅವ್ವನ ಸೊಸೆ ಫೋನಿನಲ್ಲಿ ಹೇಳಿದಳು. ಕೂಸಿನ ಕಲ್ಲು ಬೇಲಿಯ ಒಳಗೆ ಸೇರಿತ್ತು.

ಆಮೇಲೆ ಒಂದು ದಿನ ತರಬೇತಿಯ ಹಳೆಯ ನೋಟ್‌ಬುಕ್ಕು ಹುಡುಕಿ ತೆಗೆದೆ. ಆ ಉಪನ್ಯಾಸಕರು ಹೇಳಿದ್ದನ್ನು ನನ್ನ ಅಕ್ಷರದಲ್ಲೇ ಬರೆದುಕೊಂಡಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಮೂಲನಿವಾಸಿಗಳ ಚಿತ್ರದಲ್ಲಿ ಚುಕ್ಕಿಗಳು ಬರೀ ಅಂದಕ್ಕಲ್ಲ, ಹೊರಗಿನವರು ನೋಡಬಾರದ್ದನ್ನು ಮುಚ್ಚಲಿಕ್ಕೂ ಹೌದು. ಬಟ್ಟೆ ಹಾಸಿದ್ದು ನೆನಪಿತ್ತು, ಮುಚ್ಚುವುದು ಮರೆತಿತ್ತು. ಅವ್ವ ನನಗೆ ಇದನ್ನೇ ಕಾಲಿನಿಂದ ಉಜ್ಜಿ ತೋರಿಸಿದ್ದಳು, ದುಡ್ಡಿಲ್ಲದೆ, ತರಬೇತಿ ಇಲ್ಲದೆ. ಆ ಪುಟ ನೋಡಿದಾಗ ನನ್ನ ಮೇಲೆ ನನಗೆ ಬಂದ ಅಸಹ್ಯ ಇನ್ನೂ ಹೋಗಿಲ್ಲ.

ಅವ್ವನನ್ನು ಕೊನೆಯ ಸಲ ಕಂಡದ್ದು ಕಳೆದ ಫೆಬ್ರವರಿಯಲ್ಲಿ. ತವರಿನಿಂದ ವಾಪಸು ಬರುವಾಗ ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ರಸ್ತೆಯ ಪಕ್ಕದ ಕುಯಿಲಾದ ಜೋಳದ ಹೊಲದಲ್ಲಿ ಮಂದೆ ಮೇಯುತ್ತಿತ್ತು, ಮೊದಲಿನ ಅರ್ಧದಷ್ಟೂ ಇಲ್ಲ. ಕಂಬಳಿ ನೋಡಿಯೇ ಗುರುತು ಸಿಕ್ಕಿತು. ಹೋಗಲೋ ಬೇಡವೋ ಎಂದು ನಿಂತಿದ್ದವಳನ್ನು ಅವಳೇ ಕರೆದಳು.

"ಬರ್ರಿ ಅಕ್ಕೋರೇ. ಬಿಸಿಲಾಗ ಯಾಕ ನಿಂತೀರಿ."

ಪ್ಲಾಸ್ಟಿಕ್ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಬೆಚ್ಚಗಿನ ನೀರು. ಕುಡಿದೆ. ತಪ್ಪಾಯಿತು ಅವ್ವಾ ಅಂದೆ. ಅವಳು ಮಕ್ಕಳ ವಿಚಾರ, ನನ್ನ ಮಂಡಿನೋವಿನ ವಿಚಾರ ಕೇಳಿದಳು. ಮಾತು ಮುಂದುವರಿಸಬೇಕೆಂದು, ಬಹುಶಃ ಎಲ್ಲ ಸರಿಹೋಗಿದೆ ಅನ್ನಿಸಿಕೊಳ್ಳಬೇಕೆಂದು, ನಾನು ಕೇಳಿದೆ: "ಈಗ ಬೇಸಿಗೆಗೆ ನೀರಿಗೆ ಎಲ್ಲಿಗೆ ಹೋಗ್ತೀರವ್ವಾ?"

ಅವಳ ಕೋಲು ಅಭ್ಯಾಸದಂತೆ ಮಣ್ಣಿಗೆ ಇಳಿಯಿತು. ಒಂದು ಉದ್ದ ಗೆರೆ, ಅದಕ್ಕೆ ಅಡ್ಡ ಇನ್ನೊಂದು, ಆಮೇಲೆ ಸುತ್ತಿನ ಅರ್ಧ. ಅಲ್ಲಿಗೆ ಕೋಲು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ನಾನು ಯಾರು ಎಂದು ನೆನಪು ಮಾಡಿಕೊಂಡ ಹಾಗಿತ್ತು ಆ ನೋಟ.

"ಎಲ್ಲೋ ಒಂದ್ ಕಡಿ ಹೋಗ್ತೀವ್ರಿ" ಅಂದು ಕಾಲಿನಿಂದ ಉಜ್ಜತೊಡಗಿದಳು. ಅವಳಿಗೆ ಈಗ ಕಣ್ಣು ಮೊದಲಿನಷ್ಟು ಕಾಣುವುದಿಲ್ಲ. ಅಡ್ಡಗೆರೆಯ ತುದಿ ಹಾಗೆಯೇ ಉಳಿದಿತ್ತು.

"ಅಲ್ಲೊಂದು ಚೂರು ಉಳಿದಿದೆ ಅವ್ವಾ" ಅಂದೆ.

ಅವಳು ಅದನ್ನೂ ಅಳಿಸಿದಳು.